ಮಳೆ ಲೆಕ್ಕದಂತೆ ದಿನದ ಲೆಕ್ಕ: ಕೃತಜ್ಞತೆ ಮತ್ತು ದಿನಚರಿಯಿಂದ ಮನಸ್ಸನ್ನು ತಿಳಿಯಾಗಿಡುವ ಕ್ರಮ

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಬಹಳಷ್ಟು ಕಾಫಿ ತೋಟದ ಮನೆಗಳಲ್ಲಿ ಒಂದು ಪುಸ್ತಕ ಇರುತ್ತದೆ, ಮಳೆ ಲೆಕ್ಕದ್ದು. ಬಯಲಲ್ಲಿ ನೆಟ್ಟ ರೇನ್ ಗೇಜಿನ ನೀರನ್ನು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ತಾರೀಖಿನ ಮುಂದೆ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಳೆ ಬಾರದ ದಿನ ಸೊನ್ನೆ. ಬರೆಯುವ ಹೊತ್ತಲ್ಲಿ ಯಾರೂ ಮಳೆಯನ್ನು ಹೊಗಳುವುದಿಲ್ಲ, ಬೈಯುವುದೂ ಇಲ್ಲ. ಬೈಯುವ ಕೆಲಸ ಆಮೇಲೆ, ಕಾಫಿ ಕುಡಿಯುವಾಗ. ಮಾರ್ಚ್ ಬಂದು ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ ಕಾಯುವಾಗ, ಸ್ಪ್ರಿಂಕ್ಲರ್ ಹಾಕುವುದೋ ಇನ್ನೆರಡು ದಿನ ನೋಡುವುದೋ ಎಂದು ತಲೆ ಕೆಡಿಸಿಕೊಂಡಾಗ ಕೈ ತಾನಾಗಿ ಹೋಗುವುದು ಆ ಪುಸ್ತಕಕ್ಕೇ.

ಕೃತಜ್ಞತೆಯ ಅಭ್ಯಾಸ ಕೈಗೂಡುವುದು ಇದೇ ರೀತಿಯಲ್ಲಿ. 'ದಿನಾ ಮೂರು ಒಳ್ಳೆಯ ಸಂಗತಿ ಬರೆಯಿರಿ' ಎಂಬ ಸಲಹೆ ಕೇಳಿ ಶುರು ಮಾಡಿದವರಲ್ಲಿ ಅನೇಕರು ಹದಿನೈದು ದಿನಕ್ಕೆ ಬಿಡುತ್ತಾರೆ. ಬರೆಯುವಾಗ ಎದೆ ತುಂಬಿ ಬರಬೇಕು ಅಂದುಕೊಂಡಿರುತ್ತಾರೆ. ತುಂಬಿ ಬರುವುದಿಲ್ಲ, ನಾಟಕ ಅನ್ನಿಸುತ್ತದೆ, ಪುಸ್ತಕ ಕಪಾಟು ಸೇರುತ್ತದೆ. ಭಾವನೆಯ ಗೊಡವೆಗೆ ಹೋಗದೆ ಬಿದ್ದಷ್ಟನ್ನು ಅಳೆದು ಬರೆಯುವುದಷ್ಟೇ ಇಲ್ಲಿರುವ ಕೆಲಸ. ದಿನಚರಿಯ ಶಿಸ್ತು ರೇನ್ ಗೇಜಿನ ಕಂಬದ ಹಾಗೆ. ಕಂಬ ವಾಲಿದರೆ ಅಳತೆಯೂ ತಪ್ಪುತ್ತದೆ.

ಬೇಕಾಗುವ ಸಾಮಾನು

ಗೆರೆ ಇರುವ ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪುಟಕ್ಕೆ ನಾಲ್ಕು ದಿನದಂತೆ ಹಿಡಿಸಿದರೆ 400 ದಿನ ಬರುತ್ತದೆ. ಸೊಸೈಟಿಯವರೋ ಗೊಬ್ಬರದ ಅಂಗಡಿಯವರೋ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದ್ದರೂ ಆದೀತು. ಆದರೆ ಅದರಲ್ಲಿ ದಿನಕ್ಕೊಂದು ಇಡೀ ಪುಟ ಇರುತ್ತದೆ, ಖಾಲಿ ಜಾಗ ನೋಡಿ ಏನೋ ಬಾಕಿ ಉಳಿಸಿದಂತೆ ಅನ್ನಿಸುತ್ತದೆ. ತೆಳು ನೋಟ್‌ಬುಕ್ಕೇ ವಾಸಿ.

ಬಾಲ್ ಪೆನ್ನೇ ಇರಲಿ. ಮಲೆನಾಡಿನ ಜುಲೈ ತಿಂಗಳಲ್ಲಿ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಬರೆದದ್ದು ಆಗಸ್ಟ್‌ಗೆ ಓದಲು ಬಾರದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಲಗುವ ಜಾಗದಿಂದ ಕೈಗೆಟುಕುವ ಹಾಗೆ ಇಡಿ. ಪೆನ್ನನ್ನು ದಾರದಲ್ಲಿ ನೋಟ್‌ಬುಕ್ಕಿಗೇ ಕಟ್ಟಿಬಿಡಿ. ಮಕ್ಕಳಿರುವ ಮನೆಯಲ್ಲಿ ಪೆನ್ನು ಹುಡುಕುವ ಐದು ನಿಮಿಷದಲ್ಲಿ ಅರ್ಧ ಅಭ್ಯಾಸ ಸಾಯುತ್ತದೆ.

ಮೊಬೈಲಿನಲ್ಲಿ ಬರೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಬರೆಯಲು ಫೋನ್ ತೆಗೆದ ಕೈ ವಾಟ್ಸಾಪ್ ನೋಡದೆ ಕೆಳಗಿಡುವುದಿಲ್ಲ. ಬೇಡ.

ಒಂದು ಸಾಲು ಬರೆಯುವ ಬಗೆ

ಇಡೀ ಅಭ್ಯಾಸದ ಜೀವ ಇರುವುದು ಈ ಸಾಲಿನಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಸಾಲಿಗೆ ಮೂರು ಅಂಗ: ಏನಾಯಿತು, ಯಾರಿಂದ ಅಥವಾ ಯಾವುದರಿಂದ ಆಯಿತು, ಆಗದಿದ್ದರೆ ಏನಾಗುತ್ತಿತ್ತು.

ಹೊಸಬರು ಬರೆಯುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: 'ಆರೋಗ್ಯ ಚೆನ್ನಾಗಿದೆ. ಮಕ್ಕಳು ಓದುತ್ತಿದ್ದಾರೆ. ದೇವರು ಎಲ್ಲ ಕೊಟ್ಟಿದ್ದಾನೆ.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಾಳೆಯೂ ಇದೇ, ನಾಡಿದ್ದೂ ಇದೇ. ನಾಲ್ಕನೇ ದಿನಕ್ಕೆ ಕೈ ಬರೆಯುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ದಿನಾ ಕಾಣುವುದಕ್ಕೆ ಮನಸ್ಸು ಒಗ್ಗಿಹೋಗುತ್ತದೆ, ಒಗ್ಗಿದ್ದು ಕಾಣದಾಗುತ್ತದೆ. ಅಭ್ಯಾಸ ಮಾಡುತ್ತಿರುವುದೇ ಆ ಪೊರೆ ಕಳಚಲಿಕ್ಕೆ. ಅದಕ್ಕೇ ವಿವರ ಬೇಕು.

ಮೂರೂ ಅಂಗ ಇರುವ ಸಾಲು ಹೀಗಿರುತ್ತದೆ: 'ಸಂಜೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬೆಲ್ಟ್ ತುಂಡಾಯಿತು. ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ತಮ್ಮಲ್ಲಿದ್ದ ಬೆಲ್ಟ್ ಕಳಿಸಿದರು. ಇಲ್ಲದಿದ್ದರೆ ಕೊಯ್ದ ಹಣ್ಣು ರಾತ್ರಿಯಿಡೀ ಚೀಲದಲ್ಲೇ ಬಿಸಿಯಾಗಿ ಹುಳಿ ಬರುತ್ತಿತ್ತು.' ಪೇಟೆಯಲ್ಲಿ ಕೆಲಸ ಮಾಡುವವರದು ಹೀಗಿರಬಹುದು: 'ಹಾಸನ ಬಸ್ ಸ್ಟ್ಯಾಂಡಿನಲ್ಲಿ ಹೊರಟಿದ್ದ ಬಸ್ಸನ್ನು ಕಂಡಕ್ಟರ್ ನಿಲ್ಲಿಸಿ ಹತ್ತಿಸಿಕೊಂಡರು. ಇಲ್ಲದಿದ್ದರೆ ಇನ್ನೊಂದು ತಾಸು ಅಲ್ಲೇ.' ಮನೆಯಲ್ಲಿರುವವರದು: 'ಕೇಳದೆಯೇ ಅತ್ತಿಗೆ ಸೊಪ್ಪು ಸೋಸಿಟ್ಟಿದ್ದರು. ಬೆನ್ನುನೋವಿಗೆ ಹತ್ತು ನಿಮಿಷ ಒರಗಲು ಸಿಕ್ಕಿತು.' ಮನುಷ್ಯರೇ ಇರಬೇಕೆಂದಿಲ್ಲ. ಒಗೆದ ಬಟ್ಟೆ ಒಣಗುವಷ್ಟು ಹೊತ್ತು ಬಿಸಿಲು ಕಾಯ್ದದ್ದೂ ಲೆಕ್ಕಕ್ಕೆ ಬರುತ್ತದೆ. ಆದರೂ ವಾರಕ್ಕೆ ನಾಲ್ಕು ಸಾಲಾದರೂ ಜನರ ಬಗ್ಗೆ ಇರಲಿ, ಅದರ ಪ್ರಯೋಜನ ಆಮೇಲೆ ತಿಳಿಯುತ್ತದೆ.

'ಆಗದಿದ್ದರೆ' ಎಂಬ ಮೂರನೇ ಅಂಗವನ್ನು ಬಿಡಬೇಡಿ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಬದುಕಿನ ಒಂದು ಒಳ್ಳೆಯ ಘಟನೆ ನಡೆದೇ ಇರದಿದ್ದರೆ ಎಂದು ಊಹಿಸಿ ಬರೆದವರ ಮನಸ್ಸು, ಅದೇ ಘಟನೆ ಹೇಗೆ ನಡೆಯಿತು ಎಂದಷ್ಟೇ ಬರೆದವರಿಗಿಂತ ಹೆಚ್ಚು ಹಗುರಾಗಿತ್ತು. ಒಗ್ಗಿಹೋದದ್ದನ್ನು ಮತ್ತೆ ಕಣ್ಣಿಗೆ ಕಾಣಿಸುವ ಕೆಲಸ ಆ ಅಂಗದ್ದು. ಒಂದು ಎಚ್ಚರಿಕೆ ಇದೆ. ಗಾಬರಿ ಸ್ವಭಾವದವರು ಇದನ್ನು ಸಣ್ಣಪುಟ್ಟ ಸಂಗತಿಗಷ್ಟೇ ಇಟ್ಟುಕೊಳ್ಳಿ. ರಾತ್ರಿ ಹತ್ತು ಗಂಟೆಗೆ 'ಮಗ ಇಲ್ಲದಿದ್ದರೆ' ಎಂದು ಊಹಿಸಲು ಕೂತರೆ ನಿದ್ದೆ ಹೋಗುತ್ತದೆ, ಕೃತಜ್ಞತೆ ಬರುವುದಿಲ್ಲ.

ಎಷ್ಟು, ಎಷ್ಟು ದಿನಕ್ಕೊಮ್ಮೆ

ಈ ವಿಷಯದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ, ಐದು ಸಂಗತಿಯವರೆಗೆ, ಹತ್ತು ವಾರ ಬರೆಸಿದ್ದರು. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ಇತ್ತು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ತಂಡ ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಯನ್ನು ಕಾರಣ ಸಮೇತ ಬರೆಸಿತು. ಫಲ ಆರು ತಿಂಗಳವರೆಗೂ ಕಂಡಿತು, ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ ಹೆಚ್ಚು ಕಂಡಿತು. ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದು ಸಲ ಬರೆದವರಿಗೇ ಲಾಭ ಆಗಿತ್ತು. ಅತಿಯಾದರೆ ಸಪ್ಪೆಯಾಗುತ್ತದೆ ಎಂದಾಯಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಎಲ್ಲ ಅಧ್ಯಯನ ಒಟ್ಟು ಸೇರಿಸಿ ನೋಡಿದರೆ ಖಿನ್ನತೆ, ಆತಂಕದ ಮೇಲೆ ಈ ಅಭ್ಯಾಸದ ಪರಿಣಾಮ ಸಣ್ಣದೇ. ಔಷಧಿಯ ಜಾಗಕ್ಕೆ ಇದು ಬರುವುದಿಲ್ಲ.

ಇದನ್ನೆಲ್ಲ ನೋಡಿ ನಾವು ಹೇಳುವ ಕ್ರಮ ಹೀಗೆ:

1. ಮೊದಲ ವಾರ ಪ್ರತಿ ರಾತ್ರಿ ಮೂರು ಸಂಗತಿ, ಮೂರೂ ಅಂಗ ಸಮೇತ. ಇದು ಕೈ ಪಳಗಿಸಲಿಕ್ಕೆ. ಹತ್ತು ನಿಮಿಷ ಹಿಡಿಯುತ್ತದೆ.
2. ಎರಡನೇ ವಾರದಿಂದ ದಿನಕ್ಕೆ ಒಂದೇ ಸಂಗತಿ. ಎರಡು ನಿಮಿಷ ಮೀರಬೇಡಿ.
3. ವಾರಕ್ಕೊಮ್ಮೆ, ಭಾನುವಾರವೋ ಊರಿನ ಸಂತೆ ದಿನವೋ, ಕಾಲು ತಾಸು ಕೂತು ಆ ವಾರದ ಒಂದೇ ಸಂಗತಿಯನ್ನು ಅರ್ಧ ಪುಟ ಬರೆಯಿರಿ.
4. ಏನೂ ಹೊಳೆಯದ ದಿನ ತಾರೀಖು ಹಾಕಿ ಸೊನ್ನೆ ಬರೆಯಿರಿ.

ಸೊನ್ನೆ ಬರೆಯಲು ಜನ ಹಿಂಜರಿಯುತ್ತಾರೆ. ಅದೇನೋ ಸೋಲು ಅನ್ನುವ ಹಾಗೆ ಬಲವಂತದ ಸಾಲು ಹೊಸೆಯುತ್ತಾರೆ. ಮಳೆ ಬಾರದ ದಿನ ಹತ್ತು ಸೆಂಟ್ಸ್ ಎಂದು ಬರೆದವರ ಪುಸ್ತಕವನ್ನು ಮಾರ್ಚ್‌ನಲ್ಲಿ ಯಾರು ನಂಬುತ್ತಾರೆ? ಸೊನ್ನೆಗಳಿಂದ ಮುಖ್ಯವಾದ ಸುಳಿವೂ ಸಿಗುತ್ತದೆ. ಮೂರು ದಿನ ಸತತ ಸೊನ್ನೆ ಬಂದರೆ ಮೊದಲು ನಿದ್ದೆ, ಊಟ, ಕುಡಿತ ಈ ಮೂರನ್ನು ನೋಡಿಕೊಳ್ಳಿ. ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಎರಡು ವಾರ ಹಾಗೇ ಹೋದರೆ ಏನು ಮಾಡಬೇಕೆಂಬುದು ಕೆಳಗಿದೆ.

ಬಾಯಿ ಬಿಟ್ಟು ಹೇಳುವುದು

ಬರೆದದ್ದು ಪುಸ್ತಕದಲ್ಲೇ ಉಳಿದರೆ ಅರ್ಧ ಕೆಲಸ. ಆದರೆ ನಮ್ಮ ಕಡೆ ಒಂದು ತೊಡಕಿದೆ. ಮನೆಯೊಳಗೆ 'ಧನ್ಯವಾದ' ಅಂದರೆ ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆ ನೆನಪಾಗುತ್ತದೆ. ಹೆಂಡತಿಗೆ 'ಥ್ಯಾಂಕ್ಸ್' ಅಂದರೆ 'ಏನಾಯ್ತು ಇವತ್ತು ನಿಮಗೆ?' ಎಂಬ ಪ್ರಶ್ನೆ ಬರುತ್ತದೆ. ಆ ಪದ ಬೇಕಾಗಿಯೇ ಇಲ್ಲ. ಕೆಲಸವನ್ನೂ ಅದರಿಂದ ಆದದ್ದನ್ನೂ ಹೇಳಿದರೆ ಸಾಕು, ಪುಸ್ತಕದ ಸಾಲನ್ನೇ ಬಾಯಲ್ಲಿ ಹೇಳಿದ ಹಾಗೆ.

'ಅಕ್ಕ, ಮೊನ್ನೆ ನೀವು ಮಗೂನ ಸ್ಕೂಲಿಂದ ಕರ್ಕಂಡ್ ಬಂದಿದ್ದಕ್ಕೆ ನನ್ ಆಸ್ಪತ್ರೆ ಕೆಲಸ ಒಂದೇ ದಿನದಲ್ಲಿ ಮುಗೀತು.' 'ಮಾವ, ನೀವು ಹೇಳಿದ್ರಲ್ಲ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ತಡ ಮಾಡ್ಬೇಡ ಅಂತ, ಆಗಿದ್ದು ಒಳ್ಳೇದೇ ಆಯ್ತು.' ಇಷ್ಟೇ. ಎದುರಿನವರು 'ಅಯ್ಯೋ, ಅದ್ರಲ್ಲೇನಿದೆ' ಅನ್ನುತ್ತಾರೆ, ಅನ್ನಲಿ. ಅಲ್ಲಿಗೆ ಮಾತು ನಿಲ್ಲಿಸಿ, ಎಳೆಯಬೇಡಿ. ಏನಾದರೂ ಕೇಳುವುದಿದ್ದರೆ ಅವತ್ತೇ ಕೇಳಬೇಡಿ. ಕೇಳಿದರೆ ಹೊಗಳಿದ್ದೇ ಅದಕ್ಕೆ ಎಂದಾಗುತ್ತದೆ.

ಕೆಲಸದವರಿಗೆ ಹೇಳುವಾಗ ಹೆಸರು ಹಿಡಿದು, ಯಾವ ಕೆಲಸ ಎಂದು ಗುರುತಿಸಿ, ಉಳಿದವರ ಎದುರಿಗೇ ಹೇಳಿ. ಕೂಲಿ ಬಾಕಿ ಇಟ್ಟುಕೊಂಡು ಹೇಳುವ ಒಳ್ಳೆಯ ಮಾತಿಗೆ ಬೆಲೆ ಇಲ್ಲ. ಮೊದಲು ಬಟವಾಡೆ, ಆಮೇಲೆ ಮಾತು.

ಮೂರು ತಿಂಗಳಿಗೊಮ್ಮೆ ಇನ್ನೊಂದು ಕೆಲಸ ಇಟ್ಟುಕೊಳ್ಳಿ. ಎಂದೋ ಉಪಕಾರ ಮಾಡಿ, ನೀವು ಸರಿಯಾಗಿ ಹೇಳದೇ ಉಳಿದ ಒಬ್ಬರಿಗೆ ಒಂದು ಪುಟದ ಕಾಗದ ಬರೆಯಿರಿ. ಮೇಷ್ಟ್ರು, ಫೀಸು ಕಟ್ಟಿದ ಸೋದರಮಾವ, ಹೆರಿಗೆಯ ಹೊತ್ತಲ್ಲಿ ಜೀಪು ಓಡಿಸಿದ ನೆರೆಯವರು, ಯಾರಾದರೂ ಆಗಬಹುದು. ಹೋಗಿ ಕೂತು ಓದಿ ಹೇಳಿ. ಓದಲು ಸಂಕೋಚವಾದರೆ ಕೈಗೆ ಕೊಟ್ಟು ಬನ್ನಿ. ಮೇಲೆ ಹೇಳಿದ 2005ರ ಪ್ರಯೋಗದಲ್ಲಿ ತಕ್ಷಣಕ್ಕೆ ಅತಿ ದೊಡ್ಡ ಏರಿಕೆ ಕೊಟ್ಟದ್ದು ಇದೇ. ಅದು ಒಂದು ತಿಂಗಳು ಉಳಿದು, ಮೂರು ತಿಂಗಳ ಹೊತ್ತಿಗೆ ಕರಗಿತ್ತು. ಮೂರು ತಿಂಗಳಿಗೊಮ್ಮೆ ಎಂದದ್ದು ಅದಕ್ಕೆ.

ಋಣದ ಮಾತೂ ಇಲ್ಲಿ ಬರಬೇಕು. 'ಅವರ ಋಣ ತೀರಿಸೋಕಾಗಲ್ಲ' ಎಂಬ ಮಾತು ನಮ್ಮಲ್ಲಿ ಸಹಜ. ಅದು ಗೌರವವಾಗಿ ಇರುವವರೆಗೆ ಸರಿ. ಯಾರದೋ ಹೆಸರು ಬರೆದಾಗ ಎದೆ ಮೇಲೆ ಕಲ್ಲು ಇಟ್ಟ ಹಾಗಾಗಿ, ತಪ್ಪಿಸಿಕೊಂಡು ಓಡಾಡುವಂತಾದರೆ ಅದು ಸಾಲದ ಭಾರ. ಅಂಥ ಹೆಸರನ್ನು ಪುಸ್ತಕದಲ್ಲಿ ಬರೆಯುವುದನ್ನು ಬಿಡಿ. ಅವರಿಗೆ ಆಗಬೇಕಾದ ಒಂದು ಸಣ್ಣ ಕೆಲಸ ಮಾಡಿಕೊಟ್ಟು ಬನ್ನಿ.

ದಿನಚರಿಯ ನಾಲ್ಕು ಗೂಟ

ಐದು ಗಂಟೆಗೆ ಏಳುವುದು, ತಣ್ಣೀರ ಸ್ನಾನ, ಯೋಗ, ಧ್ಯಾನ, ಓದು, ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿ ಮುಂದಿನ ಸೋಮವಾರ ಬಿಡುವುದು ಎಲ್ಲರಿಗೂ ಗೊತ್ತಿರುವ ಕಥೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ತಂಡ 2010ರಲ್ಲಿ 96 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿತು. ಒಂದು ಕೆಲಸ ತಾನಾಗಿ ನಡೆಯುವಂತಾಗಲು ಹಿಡಿದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗುವ ಅಂದಾಜು ಬಂತು. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಎಂಬುದನ್ನು ನಂಬಿದವರು 22ನೇ ದಿನ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದೇ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟ ಆಗಲಿಲ್ಲ. ಹೀಗಾಗಿ ಗೂಟಗಳನ್ನು ಒಂದೊಂದಾಗಿ, ಎರಡರ ನಡುವೆ ಮೂರು ವಾರ ಬಿಟ್ಟು ಹೊಡೆಯಿರಿ.

ಮೊದಲನೆಯದು ಏಳುವ ಹೊತ್ತು. ಮಲಗುವ ಹೊತ್ತು ನಮ್ಮ ಕೈಲಿ ಪೂರ್ತಿ ಇರುವುದಿಲ್ಲ, ಏಳುವುದು ಇರುತ್ತದೆ. ಆರೋ ಆರೂವರೆಯೋ, ನಿಮಗೆ ಹೊಂದುವ ಒಂದು ಹೊತ್ತು ಹಿಡಿಯಿರಿ. ಭಾನುವಾರವೂ ಅದಕ್ಕಿಂತ ಅರ್ಧ ಗಂಟೆಗಿಂತ ಹೆಚ್ಚು ತಡ ಬೇಡ. ರಾತ್ರಿ ನಿದ್ದೆ ಬಾರದಿದ್ದರೂ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದರೆ ಮರುದಿನ ರಾತ್ರಿ ನಿದ್ದೆ ತಾನಾಗಿ ಎಳೆಯುತ್ತದೆ. ತಡವಾಗಿ ಎದ್ದು ಸರಿದೂಗಿಸಲು ಹೋದರೆ ವಾರವಿಡೀ ಅದೇ ಸುಳಿ.

ಎರಡನೆಯದು ಎದ್ದ ಒಂದು ಗಂಟೆಯೊಳಗೆ ಹೊರಗಿನ ಬೆಳಕು, 20 ನಿಮಿಷ ನಡಿಗೆ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿ ಹೊಂದಿಸುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ನಡಿಗೆ ಮುಗಿಸಿ ಐದು ನಿಮಿಷ ಕೂತು ಉಸಿರಾಟ: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ತಲೆ ಸುತ್ತಿದರೆ ಎಳೆಯುವುದು ಜಾಸ್ತಿ ಆಯಿತೆಂದು ಅರ್ಥ, ಸಣ್ಣದಾಗಿ ಎಳೆಯಿರಿ. ಶ್ರವಣಬೆಳಗೊಳದ ಜಿಲ್ಲೆಯವರಿಗೆ ಜೈನರ ಸಾಮಾಯಿಕ ಹೊಸದಲ್ಲ. ಎಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿಕೊಂಡು, 48 ನಿಮಿಷ ಸಮಚಿತ್ತದಲ್ಲಿ ಕೂರುವ ಕ್ರಮ ಅದು. ಅವಧಿ ಕಟ್ಟಿಕೊಂಡು ಕೂರುವ ಆ ಜಾಣತನವನ್ನು ಎರವಲು ಪಡೆಯಿರಿ, 48 ನಿಮಿಷವನ್ನು ಮೊದಲ ದಿನವೇ ಬೇಡ.

ಮೂರನೆಯ ಗೂಟ ಕಾಫಿ. ಕಾಫಿ ನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ನಿದ್ದೆ ಬಂದರೂ ಆಳ ಇರುವುದಿಲ್ಲ, ಬೆಳಿಗ್ಗೆ ಮಂಪರು, ಅದಕ್ಕೆ ಇನ್ನೊಂದು ಲೋಟ. ರೊಬಸ್ಟಾ ಜಾತಿಯ ಕಾಫಿಯಲ್ಲಿ ಅರೇಬಿಕಾ ಜಾತಿಯದರ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಇರುವುದೇ ಇಲ್ಲ. ಮನೆಯ ಪುಡಿ ಯಾವುದರದು ಎಂದು ತಿಳಿದುಕೊಳ್ಳಿ. ರೊಬಸ್ಟಾ ಹೆಚ್ಚಿದ್ದರೆ ಕೊನೆಯ ಲೋಟ ಮಧ್ಯಾಹ್ನ ಎರಡಕ್ಕೆ ಮುಗಿಯಲಿ. ನೆಂಟರು ಬಂದರೆ, ನೆಂಟರ ಮನೆಗೆ ಹೋದರೆ ಬೇಡ ಅನ್ನುವುದು ಹೇಗೆ? 'ಸಂಜೆ ಮೇಲೆ ಕಷಾಯ ಆದ್ರೆ ಕುಡೀತೀನಿ' ಅನ್ನಿ. ಜೀರಿಗೆ, ಕೊತ್ತಂಬರಿ ಪುಡಿ ಇಲ್ಲದ ಮಲೆನಾಡಿನ ಮನೆ ಕಡಿಮೆ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಗೇ ಬಿಡಬೇಡಿ, ಎರಡು ಮೂರು ದಿನ ತಲೆನೋವು ಕಾಡುತ್ತದೆ. ಮೂರು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ.

ನಾಲ್ಕನೆಯದು ರಾತ್ರಿಯ ಹದಿನೈದು ನಿಮಿಷ. ಮೊದಲು ನಾಳೆಯ ಕೆಲಸದ ಪಟ್ಟಿ, ಐದು ನಿಮಿಷ. 2018ರಲ್ಲಿ ಪ್ರಕಟವಾದ ಮೈಕಲ್ ಸ್ಕಲಿನ್ ತಂಡದ ಪ್ರಯೋಗದಲ್ಲಿ 57 ಜನರಲ್ಲಿ ಅರ್ಧ ಜನ ಮಲಗುವ ಮುನ್ನ ಬಾಕಿ ಕೆಲಸ ಬರೆದರು, ಉಳಿದರ್ಧ ಮುಗಿದ ಕೆಲಸ ಬರೆದರು. ಬಾಕಿ ಬರೆದವರಿಗೆ ಬೇಗ ನಿದ್ದೆ ಹತ್ತಿತು, ಪಟ್ಟಿ ವಿವರವಾಗಿದ್ದಷ್ಟೂ ಇನ್ನೂ ಬೇಗ. 'ಬ್ಯಾಂಕ್ ಕೆಲಸ' ಎಂದು ಬರೆಯಬೇಡಿ, '11 ಗಂಟೆಗೆ ಬ್ಯಾಂಕಿಗೆ ಹೋಗಿ ಪಹಣಿ ಕೊಡುವುದು' ಎಂದು ಬರೆಯಿರಿ. ಪಟ್ಟಿ ಮುಗಿದ ಮೇಲೆ ಕೃತಜ್ಞತೆಯ ಸಾಲು. ಈ ಕ್ರಮ ಅದಲುಬದಲಾದರೆ ಬಾಕಿ ಕೆಲಸದ ಜತೆಯಲ್ಲೇ ಮಲಗಿದಂತಾಗುತ್ತದೆ.

ಬೆಲೆ, ಮೆಸೇಜು, ಚಿಂತೆ

ಹಾಸನ, ಚಿಕ್ಕಮಗಳೂರು ಈ ಎರಡು ಜಿಲ್ಲೆಗಳಲ್ಲಿ ಮನಸ್ಸನ್ನು ಕಲಕುವ ದೊಡ್ಡ ಸಂಗತಿ ಬೆಳೆಯ ದರ. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಗೆ ಲಂಡನ್ ಮಾರುಕಟ್ಟೆ ದಿಕ್ಕು ತೋರಿಸುತ್ತವೆ. ಅವು ತೆರೆಯುವುದು ನಮ್ಮ ಮಧ್ಯಾಹ್ನ, ಮುಚ್ಚುವುದು ನಮ್ಮ ರಾತ್ರಿ. ಅಂದರೆ ಫೋನಿನ ಅಂಕಿ ಕುಣಿಯುವುದು ನಾವು ಮಲಗುವ ಹೊತ್ತಿಗೆ. ರಾತ್ರಿ ಹತ್ತೂವರೆಗೆ ನೋಡಿ ಯಾರೂ ಚೀಲ ಮಾರುವುದಿಲ್ಲ, ನಿದ್ದೆ ಮಾರಿಕೊಳ್ಳುತ್ತಾರೆ ಅಷ್ಟೆ. ದಿನಕ್ಕೆ ಒಂದೇ ಸಲ, ಬೆಳಗಿನ ತಿಂಡಿ ಆದ ಮೇಲೆ ನೋಡಿ. ಅರಸೀಕೆರೆ ಕಡೆ ಕೊಬ್ಬರಿ ಇಟ್ಟುಕೊಂಡವರಿಗೂ, ಹಾಸನದ ಆಲೂಗಡ್ಡೆ ಬೆಳೆಗಾರರಿಗೂ ಇದೇ ನಿಯಮ. ದರದ ಗ್ರೂಪುಗಳನ್ನು ಮ್ಯೂಟ್ ಮಾಡಿ, ಹೊರಗೆ ಬರುವುದೇನೂ ಬೇಡ.

ಚಿಂತೆಗೂ ಹೊತ್ತು ಗೊತ್ತುಮಾಡಿ. ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ, ಮಲಗುವ ಕೋಣೆಯಲ್ಲಂತೂ ಬೇಡ. ಹಗಲಲ್ಲಿ ಚಿಂತೆ ಬಂದರೆ ಒಂದೇ ಪದ ಬರೆದುಕೊಂಡು 'ಐದೂವರೆಗೆ ನೋಡೋಣ' ಎಂದು ಮುಂದಕ್ಕೆ ಹಾಕಿ. ಆ ಹೊತ್ತು ಬಂದಾಗ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಾಳೆ ಮಾಡಬಹುದಾದದ್ದು, ಬಲಕ್ಕೆ ಕೈಲಿಲ್ಲದ್ದು. ಮಳೆ, ದರ ಬಲಕ್ಕೆ. ಸಾಲದ ಕಂತು ಎಡಕ್ಕೆ, ಯಾಕೆಂದರೆ ಮ್ಯಾನೇಜರನ್ನು ಹೋಗಿ ನೋಡಬಹುದು. ಆನೆ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ: ಬರುವುದನ್ನು ತಡೆಯಲಾಗದು, ಕತ್ತಲಾದ ಮೇಲೆ ಒಬ್ಬರೇ ತೋಟದ ದಾರಿ ಹಿಡಿಯದಿರಬಹುದು. 1980ರ ದಶಕದಲ್ಲಿ ಥಾಮಸ್ ಬೊರ್ಕೊವೆಕ್ ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ ಈ ಉಪಾಯವನ್ನು ಆತಂಕದ ಚಿಕಿತ್ಸೆಯಲ್ಲಿ ಇವತ್ತಿಗೂ ಬಳಸುತ್ತಾರೆ.

ಅಡ್ಡಿ ಬರುವ ಮುನ್ನವೇ 'ಹೀಗಾದರೆ ಹೀಗೆ' ಎಂದು ಬರೆದಿಟ್ಟುಕೊಳ್ಳಿ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ ತೋರಿಸಿಕೊಟ್ಟ ಹಾಗೆ, 'ಮಾಡುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಇದಾದ ಕೂಡಲೇ ಅದು' ಎಂಬ ಕಟ್ಟುಪಾಡು ಗಟ್ಟಿ. ಕರೆಂಟು ಹೋದರೆ ಟಾರ್ಚಿನಲ್ಲಿ ಸೊನ್ನೆಯೋ ಒಂದು ಪದವೋ ಬರೆಯುತ್ತೇನೆ. ಮದುವೆಗೆ ಹೋಗಿ ರಾತ್ರಿ ತಡವಾದರೆ ಬೆಳಿಗ್ಗೆ ನಡಿಗೆಗೆ ಮುಂಚೆ ಬರೆಯುತ್ತೇನೆ. ಜಗಳವಾಗಿ ಕೈ ನಡುಗುತ್ತಿದ್ದರೆ ಮೊದಲು ಹತ್ತು ಉಸಿರು, ಆಮೇಲೆ ಮಾತು. ಐದಾರು ಸಾಕು, ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಡಿ.

ಕೊಯ್ಲಿಗೆ ಬೇರೆ, ಮಳೆಗಾಲಕ್ಕೆ ಬೇರೆ

ನವೆಂಬರಿನಿಂದ ಅರೇಬಿಕಾ, ಜನವರಿ ನಂತರ ರೊಬಸ್ಟಾ, ಜತೆಗೆ ಮೆಣಸು. ಕಣದಲ್ಲಿ ಕಾಫಿ ಹರಡಿ, ಕೆರೆದು, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚುವ ದಿನಗಳಲ್ಲಿ ಯಾವ ದಿನಚರಿಯೂ ಪೂರ್ತಿ ನಡೆಯುವುದಿಲ್ಲ. ಆಗ ಎರಡೇ ಉಳಿಸಿಕೊಳ್ಳಿ: ಏಳುವ ಹೊತ್ತು, ರಾತ್ರಿಯ ಒಂದು ಸಾಲು. ಉಳಿದದ್ದನ್ನು ಬಿಟ್ಟದ್ದಕ್ಕೆ ಕೊರಗಬೇಡಿ, ಮಾರ್ಚ್ 15ರಿಂದ ಮತ್ತೆ ಎಂದು ಈಗಲೇ ತಾರೀಖು ಹಾಕಿಡಿ. ತಾರೀಖು ಹಾಕದೆ ಬಿಟ್ಟದ್ದು ಬಿಟ್ಟೇ ಹೋಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗಿನ ತೊಡಕು ಬೇರೆ ಥರದ್ದು. ಹೊತ್ತು ಬೇಕಾದಷ್ಟಿರುತ್ತದೆ, ಬೆಳಕಿರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ನಾಲ್ಕು ದಿನ ಯಾರ ಮುಖವನ್ನೂ ನೋಡದೆ ಹೋಗಬಹುದು. ಇಂಬಳದ (ಜಿಗಣೆ) ಕಾಟಕ್ಕೆ ತೋಟದ ನಡಿಗೆ ಬೇಸರವಾದರೆ ಜಗಲಿಯಲ್ಲೇ 20 ನಿಮಿಷ ಅತ್ತಿಂದಿತ್ತ ನಡೆಯಿರಿ. ಬೆಳಗಿನ ತಿಂಡಿಯನ್ನು ಅಂಗಳಕ್ಕೆ ಮುಖ ಮಾಡಿ ಅಲ್ಲೇ ಕೂತು ತಿನ್ನಿ, ಅರ್ಧ ಗಂಟೆ ಬೆಳಕು ಸಿಗುತ್ತದೆ. ವಾರಕ್ಕೆರಡು ದಿನ ಯಾರದಾದರೂ ಮನೆಗೆ ಹೋಗುವುದನ್ನೋ ಫೋನಿನಲ್ಲಿ ಮಾತಾಡುವುದನ್ನೋ ಕೆಲಸದ ಪಟ್ಟಿಯಲ್ಲೇ ಸೇರಿಸಿ. ಸಂಜೆಯ ಕುಡಿತ ಹೆಚ್ಚುವುದೂ ಈ ತಿಂಗಳುಗಳಲ್ಲೇ. ಎಷ್ಟು ಎಂದು ಅದೇ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡಿ. ಬರೆದರೆ ಸಾಕು, ಎಷ್ಟೋ ಜನರಿಗೆ ತಾನಾಗಿ ತಗ್ಗುತ್ತದೆ. ದಿನಾ ಕುಡಿದು ಒಗ್ಗಿದ ಮೈ, ಬಿಟ್ಟ ಕೂಡಲೇ ನಡುಗಿ ಬೆವರಿದರೆ ವೈದ್ಯರಿಲ್ಲದೆ ಬಿಡುವ ಸಾಹಸ ಬೇಡ.

ಎಲ್ಲಿ ಕೆಡುತ್ತದೆ

ಹೋಲಿಕೆಯಿಂದ ಕೆಡುತ್ತದೆ. 'ಅವರ ಮನೆಗಿಂತ ನಮ್ಮದೇ ವಾಸಿ' ಎಂಬ ಸಾಲು ಬರೆದಾಗ ಹಾಯೆನಿಸುತ್ತದೆ. ಆದರೆ ಅದೇ ತಕ್ಕಡಿ ನಾಳೆ ನಮಗಿಂತ ಮೇಲಿನವರ ಕಡೆಗೂ ವಾಲುತ್ತದೆ. ಇನ್ನೊಬ್ಬರ ಕಷ್ಟ ನಿಮ್ಮ ಸಾಲಿನಲ್ಲಿ ಬರಬಾರದು.

ಬೇರೆಯವರು ಓದುವುದರಿಂದ ಕೆಡುತ್ತದೆ. ಅತ್ತೆ ಓದುತ್ತಾರೆಂದು ತಿಳಿದರೆ ಸೊಸೆಯ ಸಾಲುಗಳು ಅತ್ತೆಗಾಗಿಯೇ ಹುಟ್ಟುತ್ತವೆ. ಮಕ್ಕಳಿಗೆ ಕಡ್ಡಾಯ ಮಾಡಿದರೂ ಅಷ್ಟೇ, ಕಾಪಿ ಬರವಣಿಗೆಯಾಗುತ್ತದೆ. ಊಟದ ಹೊತ್ತಲ್ಲಿ ದೊಡ್ಡವರೇ ಒಂದು ಸಂಗತಿ ಹೇಳಿದರೆ ಮಕ್ಕಳು ತಾವಾಗಿ ಸೇರಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಅನ್ಯಾಯವನ್ನು ಮುಚ್ಚಲು ಇದನ್ನು ಬಳಸುವುದು. 'ಕೆಲಸ ಇದೆಯಲ್ಲ, ಅದೇ ಪುಣ್ಯ ಅಂದ್ಕೋ', 'ಗಂಡ ಹೊಡೆದರೂ ಮನೆ ನಡೆಸ್ತಾನಲ್ಲ' ಎಂದು ಯಾರಾದರೂ ಹೇಳಿದರೆ ಅದು ಬಾಯಿ ಮುಚ್ಚಿಸುವ ಮಾತು. ಹೊಡೆತವಿರುವ ಮನೆಯಲ್ಲಿ ಮೊದಲು ಬೇಕಾದದ್ದು ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಸಾವಿನ ಸೂತಕದಲ್ಲಿರುವವರಿಗೂ ಈ ನೋಟ್‌ಬುಕ್ ಕೊಡಲು ಹೋಗಬೇಡಿ. ಅವರ ಜತೆ ಸುಮ್ಮನೆ ಕೂತು ಬನ್ನಿ.

ಎರಡು ವಾರ ಸತತ ಸೊನ್ನೆ ಬಂದು, ಜತೆಗೆ ನಿದ್ದೆ ಕೆಟ್ಟು, ಊಟ ಸೇರದೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ ಅಭ್ಯಾಸವನ್ನು ಬಿಗಿ ಮಾಡಬೇಡಿ, ವೈದ್ಯರನ್ನು ನೋಡಿ. ಹಾಸನದಲ್ಲಿ ಹಿಮ್ಸ್ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಚಿಕ್ಕಮಗಳೂರಿನವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೋಗಲು ಆಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಮಾತು ಬಂದರೆ ಎರಡು ವಾರ ಕಾಯುವುದಿಲ್ಲ, ಅವತ್ತೇ ಕರೆ ಮಾಡಿ, ಆ ವ್ಯಕ್ತಿಯನ್ನು ಒಬ್ಬರೇ ಬಿಡಬೇಡಿ. ತೋಟದ ಮನೆಯಲ್ಲಿ ಕೀಟನಾಶಕ, ಕಳೆನಾಶಕದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಇನ್ನೊಬ್ಬರ ಕೈಲಿಡಿ. ಬೀಗ ಯಾವ ಕಾಲಕ್ಕೂ ಇರಬೇಕಾದದ್ದೇ.

ವರ್ಷ ತುಂಬಿದ ಮೇಲೆ

ಮಳೆ ಪುಸ್ತಕದ ಕೊನೆಯಲ್ಲಿ ತಿಂಗಳವಾರು ಮೊತ್ತ ಹಾಕುವ ಹಾಗೆ ಇಲ್ಲೂ ಎರಡು ಪಟ್ಟಿ ಮಾಡಿ. ಒಂದು ಸೊನ್ನೆಗಳದು, ಯಾವ ತಿಂಗಳಲ್ಲಿ ಎಷ್ಟು. ಹೆಚ್ಚು ಬಿದ್ದ ತಿಂಗಳು ಯಾವುದೋ, ಮುಂದಿನ ವರ್ಷ ಅದಕ್ಕೆ ಹದಿನೈದು ದಿನ ಮುಂಚೆಯೇ ದಿನಚರಿ ಬಿಗಿ ಮಾಡಿ, ಸಾಲದ ಮಾತು, ಪಾಲಿನ ಮಾತು, ಜಮೀನಿನ ಮಾತನ್ನು ಆ ತಿಂಗಳಲ್ಲಿ ಎತ್ತಬೇಡಿ.

ಎರಡನೆಯದು ಹೆಸರುಗಳದು. ಯಾರ ಹೆಸರು ಎಷ್ಟು ಸಲ ಬಂದಿದೆ ಎಂದು ಗೆರೆ ಹಾಕುತ್ತ ಹೋಗಿ. ಮೇಲೆ ಬರುವ ಏಳೆಂಟು ಹೆಸರು ನೀವು ಅಂದುಕೊಂಡವರದೇ ಆಗಿರಬೇಕೆಂದಿಲ್ಲ. ಹಾಲು ತರುವವರು, ಲೈನ್‌ಮನ್, ಎದುರು ಮನೆಯ ಅಜ್ಜಿಯೂ ಅದರಲ್ಲಿರಬಹುದು. ಆ ಹೆಸರುಗಳನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿ, ಫೋನ್ ನಂಬರನ್ನೂ ಪಕ್ಕದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಇದೆಯಲ್ಲ ಎಂದು ಬಿಡಬೇಡಿ. ಜುಲೈಯಲ್ಲಿ ಮರ ಬಿದ್ದು ಲೈನು ಹರಿದ ರಾತ್ರಿ ನಿಮ್ಮ ಮೊಬೈಲ್ ಸತ್ತಿರುತ್ತದೆ, ಪಕ್ಕದ ಮನೆಯವರದ್ದರಲ್ಲಿ ಒಂದು ಕಡ್ಡಿ ಸಿಗ್ನಲ್ ಇರುತ್ತದೆ, ನಂಬರ್ ಕೈಬರಹದಲ್ಲಿ ಬೇಕಾಗುವುದು ಆಗ.